ದೀಪದ ಗೂಡಿನ ಜಾಗ

ಕಳೆದ ತಿಂಗಳು ಒಂದು ಬೆಳಿಗ್ಗೆ, ಸಾಗರದಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿದಳು. ಅವಳೂ ಒಂದು ಕಾಲಕ್ಕೆ ನನ್ನ ಕ್ಲಾಸಿನ ಹುಡುಗಿಯೇ. ಎರಡನೇ ಬೆಂಚು, ವರ್ಷವಿಡೀ ನೆಗಡಿ.

"ಮೇಡಂ, ನಿಮ್ಮ ಫ್ರೆಂಡ್ ನೆನಪಿಗೆ ಲ್ಯಾಬಿನ ದೊಡ್ಡ ಗೋಡೆಗೆ ಒಂದು ಪೇಂಟಿಂಗ್ ಮಾಡಿಸ್ತಾ ಇದೀವಿ. ಹಳೇ ಸ್ಟೂಡೆಂಟ್ಸ್ ಎಲ್ಲ ಸೇರಿ. ಕೆಳಗಡೆ ಇಂಗ್ಲಿಷಲ್ಲಿ ಒಂದು ಲೈನ್ ಬೇಕಿತ್ತು. ನೀವೇ ಬರ್ದು ಕೊಟ್ರೆ ಚಂದ."

ಹಿಂದೆಯೇ ಚಿತ್ರವೂ ಫೋನಿಗೆ ಬಂತು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಎಡತುದಿಯಲ್ಲಿ ನಾಲ್ಕು ಕಾಲೂರಿದ ಮಂಗ. ಅದರ ಮುಂದೆ ಬೆನ್ನು ಬಾಗಿದ ಇನ್ನೊಂದು. ಅದರ ಮುಂದೆ ಅರ್ಧ ಎದ್ದು ನಿಂತ ಮತ್ತೊಂದು. ಕೊನೆಗೆ ನೆಟ್ಟಗೆ ಹೆಜ್ಜೆ ಹಾಕುವ ಮನುಷ್ಯ, ಅದೂ ಗಂಡಸು. ಎಲ್ಲರೂ ಒಂದೇ ಬಸ್ಸು ಹಿಡಿಯಲು ಹೊರಟವರ ಹಾಗೆ ಬಲಕ್ಕೆ ಮುಖ ಮಾಡಿದ್ದರು.

ಮೂವತ್ತು ವರ್ಷ ಅದೇ ಶಾಲೆಯಲ್ಲಿ ಬಯಾಲಜಿ ಕಲಿಸಿದ ನನ್ನ ಗೆಳತಿ ಮನಸಾರೆ ದ್ವೇಷಿಸುತ್ತಿದ್ದದ್ದು ಎರಡನ್ನೇ. ಒಂದು, ನಮ್ಮ ಮನೆಯ ಬೆಲ್ಲ ಹಾಕಿದ ಸಾರು. ಇನ್ನೊಂದು, ಈ ಚಿತ್ರ. ಅವಳು ಹೋಗಿ ಐದು ತಿಂಗಳಾಗಿದೆ. ಈಗ ಅವಳ ಹೆಸರಿನಲ್ಲೇ ಈ ಚಿತ್ರ ಗೋಡೆ ಹತ್ತುವುದರಲ್ಲಿತ್ತು. ತಡೆಯಲೇಬೇಕಿತ್ತು. ಯಾಕೆಂದರೆ ಇದೇ ಚಿತ್ರವನ್ನು ನಾನು ಒಮ್ಮೆ ಮೈಕಿನ ಮುಂದೆ ನಿಂತು, ಒಳ್ಳೆಯ ಇಂಗ್ಲಿಷಿನಲ್ಲಿ, ಅವಳ ಕೊರಳಿಗೆ ಹಾರದ ಹಾಗೆ ಹಾಕಿದ್ದೆ. ಅದಕ್ಕೆ ಸಲ್ಲಬೇಕಾದ ಅಪಾಲಜಿ ಇನ್ನೂ ನನ್ನ ಬಳಿಯೇ ಉಳಿದಿದೆ.

ಅವಳು ನಮ್ಮ ಸ್ಟಾಫ್‌ರೂಮಿಗೆ ಬಂದಾಗ ನನಗೆ ಮೂವತ್ತೆಂಟು, ಅವಳಿಗೆ ಇಪ್ಪತ್ತೆಂಟು. ಗಿಡ್ಡ ಆಳು, ಅಗಲ ಪಾದ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ ನಡಿಗೆ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ನಡೆಸಿ ಪೋಸ್ಚರ್ ಕಲಿಸಿದ್ದರು. ಇವಳು ನಿಟ್ಟೂರಿನ ಹತ್ತಿರದ ಹಳ್ಳಿಯಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತೇ ಅದನ್ನು ಕಲಿತಿದ್ದಳು. ಇಬ್ಬರ ಬೆನ್ನೂ ನೇರ. ಹಾಗಂತ ಮೊದಲು ಗಮನಿಸಿ ನಕ್ಕವಳು ಅವಳೇ.

ಮೊದಲ ದಿನ ಊರು ಮನೆ ವಿಚಾರಿಸಿಕೊಳ್ಳುವಾಗ ನನ್ನದು ತೀರ್ಥಹಳ್ಳಿ ಕಡೆಯ ಇಂಥ ಮನೆತನ, ತೋಟ ಗದ್ದೆ ಇದ್ದವರು ಎಂದೆ. ಅವಳ ಬಾಯಿಂದ "ಹೌದಾ ಅಮ್ಮಾ" ಅಂತ ಬಂದುಬಿಟ್ಟಿತು. ಅವಳ ಅಜ್ಜ ಬೇರೆಯವರ ಗದ್ದೆ ಗೇಣಿಗೆ ಮಾಡುತ್ತಿದ್ದವರು. ಗೇಣಿಯ ಮನೆಗಳಲ್ಲಿ ಒಡೆಯರ ಮನೆ ಹೆಂಗಸರನ್ನು ಕರೆಯುತ್ತಿದ್ದದ್ದೇ ಹಾಗೆ. ತಕ್ಷಣ ನಾಲಿಗೆ ಕಚ್ಚಿಕೊಂಡು "ಮೇಡಂ" ಎಂದು ತಿದ್ದಿಕೊಂಡಳು. ನಾನು ಕೇಳಿಸದವಳ ಹಾಗಿದ್ದೆ. ಅದನ್ನೇ ಗುಡ್ ಮ್ಯಾನರ್ಸ್ ಅಂದುಕೊಂಡಿದ್ದೆ.

ಅವಳ ಬುತ್ತಿಯಲ್ಲಿ ಮೀನು ಇದ್ದ ದಿನ ತಾನಾಗಿಯೇ ಕಿಟಕಿ ಪಕ್ಕದ ಸ್ಟೂಲಿಗೆ ಹೋಗಿ ಕೂರುತ್ತಿದ್ದಳು. ನಮ್ಮ ಟೇಬಲ್ಲಿಗೆ ಬಾ ಎಂದು ಕರೆಯಲು ನನಗೆ ಎರಡು ವರ್ಷ ಹಿಡಿಯಿತು. ಕರೆದಾಗ ಬಂದಳು, ಬಾಕ್ಸಿನ ಮುಚ್ಚಳ ತೆಗೆಯುವ ಮುಂಚೆ ಒಮ್ಮೆ ನನ್ನ ಮುಖ ನೋಡಿದಳು.

"ವಾಂತಿ ಬಂದ್ರೆ ಮೊದ್ಲೇ ಹೇಳಿ ಮೇಡಂ. ಹೊಸ ವಾತಾವರಣಕ್ಕೆ ಒಗ್ಗಿಕೊಳ್ಳೋಕೆ ಕೆಲವು ಪ್ರಾಣಿಗಳಿಗೆ ತುಂಬಾ ತಲೆಮಾರು ಬೇಕಾಗ್ತದೆ."

"ತೆಗಿ ಮಾರಾಯ್ತಿ," ಎಂದೆ. ವಾಂತಿ ಬರಲಿಲ್ಲ. ಗೆಳೆತನ ಅಲ್ಲಿಂದ ಶುರು.

ಅವಳ ಲ್ಯಾಬಿನಲ್ಲಿ ಒಂದು ಹಳೆಯ ಚಾರ್ಟ್ ಇತ್ತು. ಇದೇ ಮಂಗಗಳ ಮೆರವಣಿಗೆ. ಪ್ರತಿ ವರ್ಷ ಆ ಪಾಠ ಬಂದಾಗ ಚಾರ್ಟನ್ನು ತೆಗೆದಿಡದೆ, ಮುಖ ಗೋಡೆ ಕಡೆ ತಿರುಗಿಸಿ ಅದೇ ಮೊಳೆಗೆ ಮತ್ತೆ ತೂಗುಹಾಕುತ್ತಿದ್ದಳು. ಆಮೇಲೆ ಬೋರ್ಡಿನ ಮೇಲೆ ಒಂದು ಪೊದೆ ಬರೆಯುತ್ತಿದ್ದಳು. ಕೊಂಬೆಗೆ ಕೊಂಬೆ ಒಡೆದು ಹರಡಿದ ದೊಡ್ಡ ಪೊದೆ. ಒಂದು ತುದಿಯಲ್ಲಿ ಕಪ್ಪೆ, ಒಂದು ತುದಿಯಲ್ಲಿ ಹಲಸಿನ ಮರ, ಎಲ್ಲೋ ಪಕ್ಕಕ್ಕೆ ಚಾಚಿದ ಒಂದು ಕಡ್ಡಿಯ ತುದಿಯಲ್ಲಿ ಮನುಷ್ಯ. ನನ್ನ ಕ್ಲಾಸು ಪಕ್ಕದ ಕೋಣೆ, ನಡುವೆ ಅರ್ಧ ಗೋಡೆ. ಅವಳ ಪಾಠ ನನ್ನ ಮಕ್ಕಳಿಗೂ ಕೇಳಿಸುತ್ತಿತ್ತು, ನನಗೂ.

"ಮೇಡಂ, ಹಂಗಾರೆ ಈಗಿನ ಮಂಗ ಯಾಕೆ ಮನುಷ್ಯ ಆಗ್ತಿಲ್ಲ?" ಒಬ್ಬ ಹುಡುಗ ಪ್ರತಿ ವರ್ಷ ಕೇಳಿಯೇ ಕೇಳುತ್ತಿದ್ದ. ಹುಡುಗ ಬೇರೆ, ಪ್ರಶ್ನೆ ಒಂದೇ.

"ಅದಕ್ಕೆ ಎಂತ ಕಡಿಮೆ ಆಗಿದೆ ಅಂತ ಆಗ್ಬೇಕು? ನಿನ್ನ ಹೋಮ್‌ವರ್ಕ್ ಮಾಡೋಕಾ?"

ಕ್ಲಾಸು ನಗುತ್ತಿತ್ತು. ನಗು ಮುಗಿಯಲು ಬಿಟ್ಟು, "ಮಂಗ ನಿನ್ನ ಅಜ್ಜ ಅಲ್ಲ, ದಾಯಾದಿ. ನಿಮ್ಮಿಬ್ಬರಿಗೂ ಒಬ್ಬ ಮುತ್ತಜ್ಜ ಇದ್ದ, ಅವ ನಿನ್ನ ಹಾಗೂ ಇರಲಿಲ್ಲ, ಅದರ ಹಾಗೂ ಇರಲಿಲ್ಲ. ದಾಯಾದಿ ಆದ್ದಕ್ಕೇ ಅದು ನಿಮ್ಮನೆ ಬಾಳೆಗೊನೆಗೆ ಪಾಲು ಕೇಳೋಕೆ ಬರೋದು" ಎನ್ನುತ್ತಿದ್ದಳು.

ನನಗೂ ಪಾಠವಾಗುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಮೇಗರವಳ್ಳಿ ಕಡೆಯ ಕಾಡಿಗೆ ಹೋದಾಗ ನಾನು ಯಾರೋ ದೊಡ್ಡ ಮನುಷ್ಯರನ್ನು ಹೊಗಳುತ್ತಾ "ಹೀ ಈಸ್ ಎ ವೆರಿ ಎವಾಲ್ವ್ಡ್ ಪರ್ಸನ್" ಎಂದಿದ್ದೆ. ಅವಳು ನನ್ನ ಕಾಲಿನ ಬಳಿ ಕೂತು, ರಕ್ತ ಕುಡಿದು ದ್ರಾಕ್ಷಿಯಷ್ಟಾಗಿದ್ದ ಇಂಬಳವನ್ನು ಉಪ್ಪು ಹಾಕಿ ಬಿಡಿಸುತ್ತಿದ್ದಳು.

"ಇದೂ ನಿಮ್ಮಷ್ಟೇ ಎವಾಲ್ವ್ಡ್ ಮೇಡಂ. ನಿಮ್ಮಷ್ಟೇ ಕಾಲದಿಂದ ಬದುಕಿ ಬಂದಿದೆ. ನೋವಾಗದ ಹಾಗೆ ಕಚ್ಚೋದು, ರಕ್ತ ಹೆಪ್ಪುಗಟ್ಟದ ಹಾಗೆ ಕುಡಿಯೋದು, ನಿಮ್ಮ ಆ ದೊಡ್ಡ ಮನುಷ್ಯರಿಗೆ ಬರ್ತದಾ?"

"ಕೆಲವರಿಗೆ ಬರ್ತದೆ," ಎಂದೆ. ಅವಳು ಕೂತಲ್ಲೇ ಉರುಳಿಕೊಂಡು ನಕ್ಕಳು.

ನಾನು ಕೆಂಪು ಇಂಕಿನ ಟೀಚರ್. ಒಂದು ಕಾಮಾ ತಪ್ಪಿದರೂ ಸುತ್ತು ಹಾಕುತ್ತಿದ್ದೆ. ನಾನು ತಿದ್ದಿದ ನೋಟ್‌ಬುಕ್ಕುಗಳನ್ನು ನೋಡಿ ಅವಳಿಗೆ ಅಯ್ಯೋ ಅನಿಸುತ್ತಿತ್ತು. "ಅಳತೆ ಮೀರಿ ತಿದ್ದಬೇಡಿ ಮೇಡಂ. ಎಲ್ಲರೂ ಸರಿಯಾಗೇ ಕಾಪಿ ಮಾಡಿದ್ರೆ ಇವತ್ತಿಗೂ ನಾವೆಲ್ಲ ಸಮುದ್ರದೊಳಗೆ ಒಂದೇ ಜೀವಕೋಶ ಆಗಿ ತೇಲ್ತಾ ಇರ್ತಿದ್ವಿ. ತಪ್ಪಾಗದೆ ಹೊಸದು ಎಲ್ಲಿಂದ ಬರ್ತದೆ?" ಎನ್ನುತ್ತಿದ್ದಳು. ಹಾಗಂತ ತನ್ನ ಕ್ಲಾಸಿನಲ್ಲಿ ಹೃದಯದ ಚಿತ್ರಕ್ಕೆ ಎಡಬಲ ತಪ್ಪಾದರೆ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನು ಎಲ್ಲದಕ್ಕೂ ಬೆಚ್ಚುತ್ತಿದ್ದೆ. ಹಿತ್ತಲಿನಲ್ಲಿ ನೀರಿನ ಪೈಪ್ ಬಿದ್ದಿದ್ದರೆ ಹಾವೆಂದು ಕಿರುಚುತ್ತಿದ್ದೆ. ಸಂಜೆ ಅವಳು ಬಂದು ಕೂತಿದ್ದಾಗ ನಾಚಿಕೆಯಿಂದ ಅದನ್ನು ಹೇಳಿಕೊಂಡೆ.

"ನಾಚಿಕೆ ಎಂತಕ್ಕೆ? ಹಾವು ಅಂತ ಹೆದರಿ ಹಾರಿದವರ ಮಕ್ಕಳು ನಾವು. ಹಗ್ಗವೇ ಇರಬಹುದು ಅಂತ ನಿಂತು ಯೋಚನೆ ಮಾಡಿದವರು ಮಕ್ಕಳು ಹುಟ್ಟೋ ಮೊದ್ಲೇ ಸತ್ರು," ಎಂದಳು. ಮನಸ್ಸಿಗೂ ಮೈಯ ಹಾಗೇ ಹಳೆಯ ಎಲುಬುಗಳಿರುತ್ತವೆ ಎನ್ನುವುದು ಅವಳ ಲೆಕ್ಕ.

"ಮತ್ತೆ ಈ ಅಳು? ಆರು ತಿಂಗಳಾಯ್ತು, ನಿಲ್ತಾ ಇಲ್ಲ. ಇದರಿಂದ ಯಾರಿಗೆ ಯಾವ ಉಪಯೋಗ? ವಾಟ್ ಈಸ್ ಇಟ್ ಫಾರ್?"

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲದಕ್ಕೂ ಉಪಯೋಗ ಇರಲೇಬೇಕು ಅಂತ ಇಲ್ಲ ಮೇಡಂ. ಕೆಲವು ಸುಮ್ಮನೆ ಜೊತೆಗೆ ಬಂದಿರ್ತವೆ. ಪ್ರೀತಿ ಮಾಡೋ ಶಕ್ತಿ ಬೇಕಿತ್ತು, ಬಂತು. ಅದರ ಬೆನ್ನಿಗೆ ಇದೂ ಬಂತು. ಅಳಿ." ಆಮೇಲೆ ಒಳಗೆ ಹೋಗಿ ನನ್ನ ಸಾರಿನ ಪಾತ್ರೆ ಮುಚ್ಚಳ ತೆಗೆದು ನೋಡಿ, "ಮತ್ತೆ ಬೆಲ್ಲ ಹಾಕಿದೀರಲ್ಲ" ಎಂದಳು.

ಇಂಥವಳಿಗೆ ನಾನು ಹಾಗೆ ಮಾಡಿದೆ.

ಅವಳಿಗೆ ತಾಲ್ಲೂಕಿನ ಉತ್ತಮ ಶಿಕ್ಷಕಿ ಎಂದು ಸನ್ಮಾನವಾಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಅವಳ ಅವ್ವ, ಅಣ್ಣ, ಅತ್ತಿಗೆ. ಸನ್ಮಾನದ ಸ್ಪೀಚ್ ನನ್ನದು. ಒಂದು ವಾರ ಕೂತು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲೂ ಹೇಳಿದೆ. "ನಮ್ಮಂಥವರ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಅಜ್ಜ, ಎರಡಕ್ಷರ ಬಾರದ ತಾಯಿ, ಇಂದು ಈ ವೇದಿಕೆಯ ಮೇಲೆ ನೆಟ್ಟಗೆ ನಿಂತ ಮಗಳು. ಇವರು ಕಲಿಸುವ ಎವಲ್ಯೂಷನ್‌ಗೆ ಇವರೇ ಉದಾಹರಣೆ" ಎಂದೆ. ದೊಡ್ಡ ಚಪ್ಪಾಳೆ ಬಿತ್ತು. ನನ್ನ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. ಅವಳು ತೊಡೆಯ ಮೇಲೆ ಕೈ ಇಟ್ಟುಕೊಂಡು ಮುಂದಿನ ಸಾಲಿನಲ್ಲಿದ್ದ ಅವ್ವನನ್ನೇ ನೋಡುತ್ತಿದ್ದಳು. ಅವ್ವ ಎಲ್ಲರೂ ತಟ್ಟುತ್ತಾರೆಂದು ತಾನೂ ಚಪ್ಪಾಳೆ ತಟ್ಟುತ್ತಿದ್ದರು.

ಕಾರ್ಯಕ್ರಮ ಮುಗಿದು ಹೊರಡುವಾಗ ನನ್ನ ಹತ್ತಿರ ಬಂದು, "ಬರ್ತೀನಿ ಅಮ್ಮಾ" ಎಂದಳು.

ಹದಿನೈದು ವರ್ಷದ ಮೇಲೆ ಆ ಮಾತು. ಮರುದಿನ ಮೀನಿನ ಬಾಕ್ಸು ಕಿಟಕಿಯ ಸ್ಟೂಲಿಗೆ ಹೋಯಿತು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. "ಕಾಫಿ ಆಯ್ತಾ ಅಮ್ಮಾ", "ಬೆಲ್ ಆಯ್ತು ಅಮ್ಮಾ". ನಾನು ನಿದ್ದೆಗೆಟ್ಟೆ. ಸಾರಿ ಹೇಳೋಣವೆಂದರೆ ಏನಕ್ಕೆ ಸಾರಿ ಎಂದು ಸರಿಯಾಗಿ ಹೊಳೆಯಲಿಲ್ಲ. ಹೊಗಳಿದ್ದಕ್ಕೆ ಕ್ಷಮೆ ಕೇಳುವುದು ಹೇಗೆ? ಅದನ್ನು ಸಿಸ್ಟರುಗಳು ಕಲಿಸಿರಲಿಲ್ಲ.

ಒಂದು ತಿಂಗಳಾದ ಮೇಲೆ ಅವಳೇ ಬಂದು ಅಣ್ಣನ ಮಗಳ ಮದುವೆ ಕಾಗದ ಕೊಟ್ಟಳು. "ಎರಡು ದಿನ ಮುಂಚೆ ಬನ್ನಿ. ಒಂದು ತೋರಿಸೋದಿದೆ."

ಬಸ್ಸಿನಲ್ಲಿ ನಿಟ್ಟೂರಿಗೆ ಹೋಗಿ ಅಲ್ಲಿಂದ ಜೀಪಿನಲ್ಲಿ ಅವರ ಮನೆಗೆ ಹೋದೆ. ಮದುವೆಗೆ ಮುಂಚೆ ಅವರಂಥ ದೀವರ ಮನೆಗಳಲ್ಲಿ ಒಳಗೋಡೆಗೆ ಕೆಮ್ಮಣ್ಣು ಬಳಿದು ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ. ಅವಳ ಅವ್ವ ಗೋಡೆಯ ಮುಂದೆ ಕೂತಿದ್ದರು, ಅತ್ತಿಗೆ ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದಳು. ಅಳತೆಪಟ್ಟಿ ಇಲ್ಲ, ದಾರ ಇಲ್ಲ. ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದು ಗೋಡೆಯಗಲ ಓಡುತ್ತಿದ್ದವು.

"ನಮ್ಮವ್ವನಿಗೆ ಸಹಿ ಬರಲ್ಲ. ಇದು ಬರ್ತದೆ," ಎಂದಳು ಗೆಳತಿ. "ನನಗೆ ಸಹಿ ಬರ್ತದೆ, ಎಮ್ಮೆಸ್ಸಿ ಇದೆ. ಇದರಲ್ಲಿ ಒಂದು ಗೆರೆ ಬರಲ್ಲ. ಹಾಸ್ಟೆಲಲ್ಲಿ ಇದ್ದ ವರ್ಷಗಳಲ್ಲಿ ಹೋಯ್ತು. ಕತ್ತಲೆ ಗುಹೆಯ ಮೀನಿಗೆ ಕಣ್ಣು ಹೋದ ಹಾಗೆ. ಈಗ ಹೇಳಿ, ನಮ್ಮಿಬ್ಬರಲ್ಲಿ ಯಾರು ಮೇಲೆ ಬಂದವರು? ಯಾರು ಹಿಂದೆ ನಿಂತ ಮಂಗ?"

ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಕೇಳುವ ಹಾಗೆ, ಉತ್ತರ ಬೇಕೆಂದೇ ಕೇಳಿದ್ದು.

ನಾನು ಉತ್ತರ ಹುಡುಕುತ್ತಾ ಗೋಡೆ ನೋಡುತ್ತಿದ್ದೆ. ಬಲಗಡೆ, ಎದೆಯೆತ್ತರದಲ್ಲಿ, ಗೆರೆಗಳೆಲ್ಲ ಸುತ್ತುಹಾಕಿ ಹೋಗಿ ಒಂದು ಚೌಕ ಖಾಲಿ ಉಳಿದಿತ್ತು. ಬರೀ ಕೆಮ್ಮಣ್ಣು. ಅಲ್ಲಿ ಯಾಕೆ ಬರೆದಿಲ್ಲ ಎಂದೆ.

"ಅಲ್ಲಿ ಬರಿಯೋ ಹಾಂಗಿಲ್ಲ. ಚಿತ್ತಾರ ಅಂದ್ರೆ ಹಂಗೇ ಬರಿಯೋದು," ಎಂದಳು ಅತ್ತಿಗೆ.

ಗೆಳತಿ ನನ್ನನ್ನು ಜಗುಲಿಗೆ ಎಳೆದುಕೊಂಡು ಬಂದು ಪಿಸುಗುಟ್ಟಿದಳು. ಮುಖ ಮೊದಲಿನ ಹಾಗೆ ಅರಳಿತ್ತು. "ಶರಾವತಿಗೆ ಡ್ಯಾಮ್ ಕಟ್ಟಿದಾಗ ನಮ್ಮ ಹಳೇ ಮನೆ ಮುಳುಗ್ತು. ಆವಾಗ ನನಗೆ ಐದೋ ಆರೋ ವರ್ಷ. ಆ ಗೋಡೆಯಲ್ಲಿ ಅದೇ ಜಾಗಕ್ಕೆ ದೀಪ ಇಡೋ ಗೂಡು ಇತ್ತು. ಅಜ್ಜಿ ಗೂಡು ಬಿಟ್ಟು ಸುತ್ತ ಬರೀತಿದ್ದಳು. ಈ ಮನೆಯಲ್ಲಿ ಗೂಡಿಲ್ಲ. ಆದ್ರೂ ಅವ್ವನ ಕೈ ಸುತ್ತಿ ಹೋಗ್ತದೆ. ಅತ್ತಿಗೆ ಬಂದವಳು ಅದೇ ನಿಯಮ ಅಂದ್ಕೊಂಡಳು. ಅವಳ ತಂಗಿ ಮನೆಯಲ್ಲೂ ಈಗ ಖಾಲಿ ಬಿಡ್ತಾರೆ. ನಮಗೆ ಬಾಲದ ಮೂಳೆ ಉಳಿದಿಲ್ವಾ ಮೇಡಂ, ಹಾಗೆ. ಮನೆ ನೀರಲ್ಲಿದೆ, ಗೂಡು ಗೋಡೆ ಮೇಲಿದೆ."

ಮೇಡಂ ಎಂದಿದ್ದಳು. ನಾನು ಅವಳ ಕೈ ಹಿಡಿದು, "ಆವತ್ತು ಸ್ಟೇಜಿನ ಮೇಲೆ ನಾನು..." ಎಂದು ಶುರು ಮಾಡಿದೆ.

"ಊಟಕ್ಕೆ ಏಳಿ ಮೇಡಂ. ನಿಮಗೆ ಅಂತ ಸಾರಿಗೆ ಬೆಲ್ಲ ಹಾಕ್ಸಿದೀನಿ," ಎಂದು ಎದ್ದಳು. ಮಾತು ಅಲ್ಲಿಗೇ ನಿಂತಿತು. ಆಮೇಲೆ ಇಪ್ಪತ್ತೈದು ವರ್ಷ ಒಟ್ಟಿಗಿದ್ದೆವು, ಆ ವಾಕ್ಯವನ್ನು ನಾನು ಮುಗಿಸಲೇ ಇಲ್ಲ.

ಆದ್ದರಿಂದ ಕಳೆದ ತಿಂಗಳು, ಎಪ್ಪತ್ತೆಂಟರ ಮಂಡಿ ಇಟ್ಟುಕೊಂಡು, ಆಟೋ ಹತ್ತಿ ಶಾಲೆಗೆ ಹೋದೆ. ಪೇಂಟರ್ ಆಗಲೇ ಪೆನ್ಸಿಲಿನಲ್ಲಿ ಎರಡು ಮಂಗ ಮುಗಿಸಿದ್ದ.

"ಈ ಚಿತ್ರ ಬೇಡ," ಎಂದೆ ಹೆಡ್‌ಮಿಸ್ಟ್ರೆಸ್‌ಗೆ.

"ಅಯ್ಯೋ ಮೇಡಂ, ಎಲ್ಲಾ ಕಡೆ ಇದೇ ಇರೋದು. ನೆಟ್ಟಲ್ಲಿ ಹುಡುಕಿದ್ರೂ ಇದೇ ಬರೋದು. ಮುಂದಿನ ವಾರ ಮೇಲಿನ ಆಫೀಸರ್ ಬರ್ತಾರೆ, ಅಷ್ಟರೊಳಗೆ ಮುಗೀಬೇಕು."

"ನಿನಗೆ ಈ ಪಾಠ ಮಾಡಿದವರು ಯಾರು?"

"ಅವರೇ."

"ಪಾಠದ ದಿನ ಚಾರ್ಟ್ ಯಾವ ಕಡೆಗೆ ಮುಖ ಮಾಡಿರ್ತಿತ್ತು?"

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಎರಡನೇ ಬೆಂಚಿನ ಹುಡುಗಿಯ ಮುಖ ಬಂತು. "ಗೋಡೆ ಕಡೆಗೆ," ಎಂದಳು. ಗೋಡೆಯನ್ನೊಮ್ಮೆ ನೋಡಿ, "ಆದ್ರೆ ಈ ಗೋಡೆನ ತಿರುಗಿಸೋಕಾಗಲ್ಲ ಅಲ್ವಾ ಮೇಡಂ" ಎಂದು ಪೇಂಟರನಿಗೆ ಸುಣ್ಣ ತರಲು ಹೇಳಿದಳು.

ಆಗ ಅವಳಿಗೆ ಎಲ್ಲವನ್ನೂ ಹೇಳಿದೆ. ಸ್ಪೀಚು, ಚಪ್ಪಾಳೆ, ಅಮ್ಮಾ ಎಂದದ್ದು, ಎಲ್ಲ. ತನ್ನ ಹಳೆಯ ಟೀಚರ್ ತಪ್ಪೊಪ್ಪಿಕೊಳ್ಳುವುದನ್ನು ಕೇಳಿ ಪಾಪ ಅವಳಿಗೇ ಮುಜುಗರವಾಯಿತು. ಮೂಗು ಒರೆಸಿಕೊಂಡಳು. ನೆಗಡಿ ಇನ್ನೂ ಇದೆ.

ಮಂಗಗಳ ಬದಲು ಹಸೆ ಚಿತ್ತಾರ ಬರೆಸೋಣವೆಂದಾಯಿತು. ನಿಟ್ಟೂರಿನಿಂದ ಗೆಳತಿಯ ಅತ್ತಿಗೆ ಬಂದಳು. ಅವಳಿಗೂ ಈಗ ಎಪ್ಪತ್ತು ದಾಟಿದೆ. ಅತ್ತೆ ಹೋದ ಮೇಲೆ ಆ ಕಡೆ ಹಸೆ ಬರೆಯಲು ಎಲ್ಲರೂ ಕರೆಯುವುದು ಇವಳನ್ನೇ. ನಾಲ್ಕು ದಿನ ನನ್ನ ಮನೆಯಲ್ಲಿ ಉಳಿದು, ನನ್ನ ಸಾರು ಉಂಡು, "ಇದಕ್ಕೆ ನಮ್ಮ ಹುಡುಗಿ ಬೈತಿದ್ದಿದ್ದು ಸರಿ ಐತಿ ಬಿಡಿ" ಎಂದು, ದಿನಾ ನನ್ನ ಜೊತೆ ಆಟೋದಲ್ಲಿ ಲ್ಯಾಬಿಗೆ ಬಂದಳು. ಗೋಡೆ ಕೆಂಪಾಯಿತು. ಗೆರೆ ಓಡತೊಡಗಿತು. ಗೋಡೆಯ ಎಡಗಡೆ ಒಂದು ಸ್ವಿಚ್‌ಬೋರ್ಡ್ ಇತ್ತು. ಅತ್ತಿಗೆ ಅದನ್ನೊಮ್ಮೆ ನೋಡಿ, ಏನೂ ಹೇಳದೆ, ಗೆರೆಗಳನ್ನು ಅದರ ಸುತ್ತ ಬಳಸಿ ಆಚೆ ದಾಟಿಸಿದಳು. ಬಲಗಡೆ, ಎದೆಯೆತ್ತರದಲ್ಲಿ, ಎಂದಿನಂತೆ ಒಂದು ಚೌಕ ಖಾಲಿ ಬಿಟ್ಟಳು.

"ಅಲ್ಲಿ ಅವರ ಹೆಸರು ಬರೆಸೋಣ, ಜಾಗ ಹೇಳಿ ಮಾಡ್ಸಿದ ಹಾಗಿದೆ," ಎಂದಳು ಹೆಡ್‌ಮಿಸ್ಟ್ರೆಸ್.

"ಬ್ಯಾಡ್ರಿ. ಅಲ್ಲಿ ಎಂತೂ ಬರಿಯೋ ಹಾಂಗಿಲ್ಲ," ಎಂದಳು ಅತ್ತಿಗೆ.

ಹೆಸರು ಕೆಳಗೆ, ಮೂಲೆಯಲ್ಲಿ ಬಂತು. ಇಂಗ್ಲಿಷ್ ಸಾಲು ನಾನು ಕೊಡಲಿಲ್ಲ. ಇಂಗ್ಲಿಷಿನಲ್ಲಿ ಅವಳ ಬಗ್ಗೆ ನಾನು ಒಮ್ಮೆ ಹೇಳಿದ್ದೇ ಸಾಕಾಗಿತ್ತು.

ಕೊನೆಯ ದಿನ ಒಂಬತ್ತನೇ ಕ್ಲಾಸಿನ ಹುಡುಗಿಯರು ನೆಲದ ಮೇಲೆ ಕೂತು ಚಿತ್ತಾರವನ್ನು ರೆಕಾರ್ಡ್ ಬುಕ್ಕಿನಲ್ಲಿ ಕಾಪಿ ಮಾಡುತ್ತಿದ್ದರು. ಹಳೆಯ ಟೀಚರ್ ಎಂದು ಗೊತ್ತಾಗಿ ಒಬ್ಬಳು ತಂದು ತೋರಿಸಿದಳು. ಚಂದ ಬರೆದಿದ್ದಳು. ಹಾಳೆಯಲ್ಲಿ ಎರಡು ಚೌಕ ಖಾಲಿ ಇತ್ತು. ಬಲಕ್ಕೊಂದು, ಎಡಕ್ಕೊಂದು.

"ಇದು ಎಂತಕ್ಕೆ ಪುಟ್ಟಿ?" ಎಂದು ಎಡಗಡೆ, ಸ್ವಿಚ್‌ಬೋರ್ಡಿನ ಜಾಗದ ಚೌಕವನ್ನು ತೋರಿಸಿದೆ.

"ಚಿತ್ತಾರ ಅಂದ್ರೆ ಹಂಗೇ ಬರಿಯೋದು ಮಿಸ್," ಎಂದಳು.

ನಾನು ಪಕ್ಕಕ್ಕೆ ತಿರುಗಿದೆ, ಗೆಳತಿಗೆ ಹೇಳಲು. ಪಕ್ಕದಲ್ಲಿ ಅತ್ತಿಗೆ ಕುಂಚ ತೊಳೆಯುತ್ತಿದ್ದಳು, ಅಷ್ಟೆ. ಹುಡುಗಿ ಪುಸ್ತಕ ಚಾಚಿಕೊಂಡೇ ನಿಂತಿದ್ದಳು. ಬ್ಯಾಗಿನಲ್ಲಿ ಹುಡುಕಿದರೆ ಕೆಂಪು ಪೆನ್ನು ಈಗಲೂ ಇತ್ತು. ಎಡಗಡೆಯ ಆ ಖಾಲಿ ಚೌಕದ ಪಕ್ಕದಲ್ಲೇ ಒಂದು ದೊಡ್ಡ ರೈಟ್ ಮಾರ್ಕ್ ಹಾಕಿ, ಪುಸ್ತಕ ಮಡಿಚಿ ಅವಳ ಕೈಗೆ ಕೊಟ್ಟೆ.